ಒಂಟಿಯಾಗಿ ಹುಟ್ಟಲಾರದ ತಾರೆಗಳ ಶೋಧ

ಸೂರ್ಯನಂಥ ನಕ್ಷತ್ರವು ಒಡಲಿನ ಇಂಧನ ತೀರಿದ ಮೇಲೆ ಹೊರಪದರಗಳನ್ನು ಕಳಚಿಕೊಂಡು, ಭೂಮಿಯಷ್ಟು ಗಾತ್ರದ ಅತಿಸಾಂದ್ರ ತಿರುಳಾಗಿ ಉಳಿಯುತ್ತದೆ; ಇದೇ ಶ್ವೇತಕುಬ್ಜ. ಇವುಗಳಲ್ಲಿ ಹೆಚ್ಚಿನವುಗಳ ದ್ರವ್ಯರಾಶಿ ಸೂರ್ಯನದರ ಸುಮಾರು 0.6ರಷ್ಟಿರುತ್ತದೆಯಾದರೂ, 0.3ಕ್ಕಿಂತ ಹಗುರವಾದ, ಹೀಲಿಯಂ ತಿರುಳಿನ ಶ್ವೇತಕುಬ್ಜಗಳೂ ಇವೆ. ಒಂಟಿ ನಕ್ಷತ್ರವೊಂದು ತಾನಾಗಿ ಸವೆದು ಇಷ್ಟು ಹಗುರವಾಗಲು ವಿಶ್ವದ ಈವರೆಗಿನ 1380 ಕೋಟಿ ವರ್ಷಗಳ ಆಯುಸ್ಸೂ ಸಾಲದು. ಆದ್ದರಿಂದ ಸಮೀಪದ ಸಂಗಾತಿಯ ಪ್ರಭಾವದಿಂದಲೇ ಅದು ತನ್ನ ಹೊರಪದರಗಳನ್ನು ಅಕಾಲದಲ್ಲಿ ಕಳೆದುಕೊಂಡಿರಬೇಕೆಂದು ತಿಳಿಯಲಾಯಿತು. 1995ರಲ್ಲಿ ಟಾಮ್ ಮಾರ್ಷ್ ಮತ್ತು ಸಂಗಡಿಗರು ಇಂಥ ಹಗುರ ತಾರೆಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಬಹುಪಾಲು ಜೋಡಿಯಾಗಿಯೇ ಇವೆಯೆಂದು ತೋರಿಸಿದರು.

ಆದರೆ ಇವುಗಳ ವ್ಯವಸ್ಥಿತ ಶೋಧ ಆರಂಭವಾದದ್ದು ಬೇರೊಂದು ಹುಡುಕಾಟದ ಉಪಫಲವಾಗಿ. 2005ರಲ್ಲಿ ಮೊದಲ ಅತಿವೇಗದ ನಕ್ಷತ್ರವನ್ನು, ಎಂದರೆ ನಮ್ಮ ಗ್ಯಾಲಕ್ಸಿಯ ಗುರುತ್ವದ ಹಿಡಿತವನ್ನೇ ಮೀರಿ ಓಡುತ್ತಿರುವ ತಾರೆಯನ್ನು, ಗುರುತಿಸಿದ ವಾರೆನ್ ಬ್ರೌನ್ ಅವರ ತಂಡವು, ಅಂಥ ಇನ್ನಷ್ಟು ನೀಲಿ ತಾರೆಗಳಿಗಾಗಿ ಸ್ಲೋನ್ ಆಕಾಶ ಸಮೀಕ್ಷೆಯ ದತ್ತಾಂಶವನ್ನು ಬಣ್ಣದ ಆಧಾರದ ಮೇಲೆ ಸೋಸುತ್ತಿತ್ತು. ಅದೇ ಬಣ್ಣದ ಹಗುರ ಶ್ವೇತಕುಬ್ಜಗಳೂ ಆ ಜರಡಿಯಲ್ಲಿ ಉಳಿದವು. ಮುಕ್ರೆಮಿನ್ ಕಿಲಿಚ್ ಮತ್ತು ಬ್ರೌನ್ ಅವನ್ನು ಬದಿಗೆ ಸರಿಸದೆ, ಅರಿಜೋನಾದ ಹಾಪ್ಕಿನ್ಸ್ ಬೆಟ್ಟದ ಮೇಲಿನ 6.5 ಮೀಟರ್ ವ್ಯಾಸದ ಎಂಎಂಟಿ ದೂರದರ್ಶಕದಿಂದ ಮತ್ತೆ ಮತ್ತೆ ಅವುಗಳ ರೋಹಿತವನ್ನು ಪಡೆದರು. ತಾರೆ ನಮ್ಮತ್ತ ಬರುವಾಗ ರೋಹಿತದ ಹೈಡ್ರೋಜನ್ ಗೆರೆಗಳು ನೀಲಿಯತ್ತ, ದೂರ ಸರಿಯುವಾಗ ಕೆಂಪಿನತ್ತ ಜರುಗುವುದರಿಂದ, ಸಂಗಾತಿ ಕಾಣದಿದ್ದರೂ ಅದರ ಇರುವಿಕೆಯನ್ನೂ ಪರಿಭ್ರಮಣದ ಅವಧಿಯನ್ನೂ ಲೆಕ್ಕಹಾಕಬಹುದು. 2020ರ ಹೊತ್ತಿಗೆ ಅವರ ಈ ಶೋಧವು 98 ಶ್ವೇತಕುಬ್ಜ ಜೋಡಿಗಳನ್ನು ಪಟ್ಟಿಮಾಡಿತ್ತು.

ಅವುಗಳಲ್ಲಿ 2011ರಲ್ಲಿ ಪ್ರಕಟವಾದ ಜೆ0651 ಎಂಬ ಜೋಡಿಯೇ ಅತ್ಯಂತ ಅಮೂಲ್ಯವೆನ್ನಬೇಕು. ಅದರ ಎರಡು ತಾರೆಗಳು 12.75 ನಿಮಿಷಕ್ಕೊಮ್ಮೆ ಪರಸ್ಪರ ಸುತ್ತುತ್ತವೆ. ಭೂಮಿಯಿಂದ ನೋಡುವವರಿಗೆ ಒಂದು ಮತ್ತೊಂದನ್ನು ಮರೆಮಾಡುವ ಗ್ರಹಣವೂ ಕಾಣುತ್ತದೆ. ಗುರುತ್ವ ಅಲೆಗಳು ಶಕ್ತಿಯನ್ನು ಹೊತ್ತೊಯ್ಯುವುದರಿಂದ ಇಂಥ ಕಕ್ಷೆ ಕುಗ್ಗಬೇಕೆಂಬುದು ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ನಿರೀಕ್ಷೆ. 2012ರಲ್ಲಿ ಜೆ. ಜೆ. ಹರ್ಮಿಸ್ ಮತ್ತು ಸಹವರ್ತಿಗಳು ಅಳೆದಾಗ, ಹಿಂದಿನ ವರ್ಷದ ಲೆಕ್ಕಕ್ಕಿಂತ ಗ್ರಹಣಗಳು ಸುಮಾರು 6 ಸೆಕೆಂಡು ಮುಂಚಿತವಾಗಿ ಸಂಭವಿಸುತ್ತಿದ್ದವು. ಯುರೋಪಿನ ಬಾಹ್ಯಾಕಾಶ ಸಂಸ್ಥೆಯು 2035ರ ಸುಮಾರಿಗೆ ಹಾರಿಸಲಿರುವ ಲೀಸಾ ವೀಕ್ಷಣಾಲಯವು ಇಂಥ ಜೋಡಿಗಳ ಗುರುತ್ವ ಅಲೆಗಳನ್ನೇ ನೇರವಾಗಿ ಗ್ರಹಿಸಬೇಕಾಗಿದೆ.

ಬಣ್ಣ ನೋಡಿ ಆರಿಸುವ ವಿಧಾನಕ್ಕೆ ಒಂದು ಮಿತಿಯೂ ಇದೆ: ಸಂಗಾತಿಯೇ ಹೆಚ್ಚು ಪ್ರಕಾಶಮಾನವಾಗಿದ್ದರೆ ಶ್ವೇತಕುಬ್ಜವು ಅದರ ಬೆಳಕಿನಲ್ಲಿ ಅಡಗಿಹೋಗುತ್ತದೆ, ಅತಿನೇರಳೆ ಕಿರಣಗಳಲ್ಲಿ ಮಾತ್ರ ಪ್ರತ್ಯೇಕವಾಗಿ ತೋರುತ್ತದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಸಂಶೋಧಕರು, 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕದ ಮೂಲಕ, ಎಂ67 ತಾರಾಗುಚ್ಛದ ನಕ್ಷತ್ರವೊಂದರ ಪಕ್ಕದಲ್ಲಿ ಸೂರ್ಯನ ಸುಮಾರು 0.18ರಷ್ಟು ದ್ರವ್ಯರಾಶಿಯ ಶ್ವೇತಕುಬ್ಜವನ್ನು ಗುರುತಿಸಿ 2019ರಲ್ಲಿ ಪ್ರಕಟಿಸಿದರು. ಆಸ್ಟ್ರೋಸ್ಯಾಟ್‌ನ ಆ ದೂರದರ್ಶಕಕ್ಕಿಂತ ದೊಡ್ಡದಾದ, ಇನ್‌ಸಿಸ್ಟ್ ಎಂಬ ಬಾಹ್ಯಾಕಾಶ ದೂರದರ್ಶಕವನ್ನು ಇದೇ ಸಂಸ್ಥೆ ಪ್ರಸ್ತಾಪಿಸಿದೆ. ಬೆಳಕಿನಲ್ಲಿ ಮರೆಯಾಗಿರುವ ಇಂಥ ಜೋಡಿಗಳ ಲೆಕ್ಕ ಸಿಗಬೇಕಾದರೆ ಆ ಪ್ರಸ್ತಾಪವು ಕಾಗದದಲ್ಲೇ ಉಳಿಯದೆ ಬೇಗ ಕಕ್ಷೆ ಸೇರಬೇಕು.