ಎತ್ತಲಿಕ್ಕೆ ಜಾಕು, ಹೊರಲಿಕ್ಕೆ ಸ್ಟ್ಯಾಂಡು

ಟ್ರಾಲಿ ಜಾಕ್ ಎಂದ ಕೂಡಲೇ ನಮ್ಮ ಕಡೆಯವರು ಟ್ರ್ಯಾಕ್ಟರಿನ ಟ್ರಾಲಿ ಎತ್ತುವ ಜಾಕು ಎಂದುಕೊಳ್ಳುತ್ತಾರೆ. ಹಾಗಲ್ಲ. ಇದಕ್ಕೇ ನಾಲ್ಕು ಪುಟ್ಟ ಗಾಲಿ ಇರುತ್ತವೆ. ಉರುಳಿಸಿಕೊಂಡು ಕಾರಿನಡಿ ತಳ್ಳಿ, ಹೊರಗೆ ನಿಂತೇ ಉದ್ದನೆಯ ಹಿಡಿ ಒತ್ತಿದರಾಯ್ತು. ಗ್ಯಾರೇಜುಗಳಲ್ಲಿ ನೀವು ನೋಡಿರುತ್ತೀರಿ.

ನಮ್ಮದು ಚಳ್ಳಕೆರೆ ಸೀಮೆ. ಮಳೆ ನಂಬಿದ ಶೇಂಗಾ, ತೊಗರಿ. ಮನೆ ಮುಂದೆ ಒಂದು ಹಳೇ ಓಮ್ನಿ, ತಮ್ಮನ ಬೊಲೆರೊ ಪಿಕಪ್ ಇವೆ. ಹೊಲದ ದಾರಿ ತುಂಬಾ ಜಾಲಿಮುಳ್ಳು, ಪಂಕ್ಚರ್ ಅಂಗಡಿ ದೂರ. ಹಾಗಾಗಿ ಗಾಲಿ ಬಿಚ್ಚುವುದು, ಬ್ರೇಕು ನೋಡುವುದು ಎಲ್ಲ ಮನೆಯಲ್ಲೇ. ಈಗ ಬಹಳ ರೈತರು ಹೀಗೇ ಮಾಡಿಕೊಳ್ಳುತ್ತಾರೆ. ಆದರೆ ಪಕ್ಕದೂರಿನ ಯುವಕನೊಬ್ಬ ಗಾಡಿಯನ್ನು ಬರೀ ಜಾಕಿನ ಮೇಲೆ ನಿಲ್ಲಿಸಿ ಅಡಿಗೆ ಕೈಹಾಕಿದ್ದ. ಜಾಕು ವಾಲಿತು, ಬಲಗೈ ಉಳಿಯಲಿಲ್ಲ. ಬಿತ್ತನೆ ಕಾಲ. ಆ ವರ್ಷ ಅವನ ಹೊಲವನ್ನು ಊರವರು ಬಿತ್ತಿಕೊಟ್ಟರು. ಪ್ರತಿ ವರ್ಷ ಯಾರು ಬಿತ್ತುತ್ತಾರೆ? ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಯಾವ ಜಾಕು?

ಕಾರಿನ ಜೊತೆ ಬರುವ ಸ್ಕ್ರೂ ಜಾಕು ದಾರಿಯಲ್ಲಿ ಸ್ಟೆಪ್ನಿ ಹಾಕಲಿಕ್ಕೆ ಮಾತ್ರ. ಬಾಟಲಿಯ ಹಾಗೆ ನೆಟ್ಟಗೆ ನಿಲ್ಲುವ ಹೈಡ್ರಾಲಿಕ್ ಜಾಕು ಟ್ರ್ಯಾಕ್ಟರಿಗೆ, ಲಾರಿಗೆ ಸರಿ. ಅದರ ಬುಡ ಸಣ್ಣದು, ಮೈ ಎತ್ತರ, ಕಾರಿನಡಿ ಕೂರುವುದೇ ಕಷ್ಟ. ಮನೆ ಕೆಲಸಕ್ಕೆ ಟ್ರಾಲಿ ಜಾಕೇ ಅನುಕೂಲ. ಎಣ್ಣೆಯ ಒತ್ತಡದಿಂದ ಎತ್ತುತ್ತದೆ, ಬುಡ ಅಗಲ.

ಕೊಳ್ಳುವಾಗ ಮೂರು ಅಳತೆ ನೋಡಿ.

ಒಂದು, ತೂಕ. ಓಮ್ನಿ ಸುಮಾರು 800 ಕಿಲೊ, ಪಿಕಪ್ ಖಾಲಿ ಇದ್ದಾಗಲೇ ಒಂದೂವರೆ ಟನ್ನಿಗೂ ಮೇಲೆ. ನಾವು ಎತ್ತುವುದು ಒಂದು ಮೂಲೆ ಮಾತ್ರ, ಅಷ್ಟು ಭಾರ ಬರುವುದಿಲ್ಲ, ನಿಜ. ಆದರೂ ಇಡೀ ಗಾಡಿಯ ತೂಕಕ್ಕಿಂತ ಹೆಚ್ಚು ಶಕ್ತಿಯ ಜಾಕನ್ನೇ ತನ್ನಿ. ಸಣ್ಣ ಕಾರಿಗೆ 2 ಟನ್, ಪಿಕಪ್ಪಿಗೆ 3 ಟನ್.

ಎರಡು, ತಗ್ಗು. ಜಾಕು ಪೂರ್ತಿ ಇಳಿದಾಗ ಕಾರಿನಡಿ ಹೋಗಬೇಕು. ಟೈರಿನ ಗಾಳಿ ಇಳಿದರೆ ಕಾರು ಇನ್ನೂ ಕೆಳಗೆ ಕೂರುತ್ತದೆ. ಗಾಳಿ ಇಲ್ಲದಾಗಿನ ಅಳತೆ ಲೆಕ್ಕಕ್ಕೆ ತಗೊಳ್ಳಿ.

ಮೂರು, ಎತ್ತರ. ಸಣ್ಣ 2 ಟನ್ ಜಾಕು ಒಂದಡಿ ಚಿಲ್ಲರೆ ಎತ್ತಿ ನಿಲ್ಲುತ್ತದೆ. ಪಿಕಪ್ಪಿನ ಚಾಸಿಗೆ ಅದು ಸಾಲದು. ಸಾಲದೆಂದು ಜಾಕಿನ ತಲೆ ಮೇಲೆ ಕಟ್ಟಿಗೆ ಪೇರಿಸುವುದು ಬೇಡ, ಜಾರುತ್ತದೆ.

ಜಾಕಿನ ಜೊತೆಗೇ ಎರಡು ಜಾಕ್ ಸ್ಟ್ಯಾಂಡು ತನ್ನಿ. ದುಡ್ಡು ಸಾಲದಿದ್ದರೆ ಜಾಕು ಚಿಕ್ಕದಿರಲಿ, ಸ್ಟ್ಯಾಂಡು ಬಿಡಬೇಡಿ.

ನೆಲ ನೋಡಿ

ಬಹಳ ಜನ ಗಮನಿಸದ ಸಂಗತಿ ಇದು. ಟ್ರಾಲಿ ಜಾಕಿನ ತೋಳು ನೆಟ್ಟಗೆ ಏರುವುದಿಲ್ಲ, ಕಮಾನಿನ ಹಾಗೆ ಬಾಗಿ ಏರುತ್ತದೆ. ಅದಕ್ಕೆ ತಕ್ಕಂತೆ ಜಾಕು ಕಾರಿನಡಿ ತುಸು ಉರುಳಲೇಬೇಕು. ಗಾಲಿ ಕೊಟ್ಟಿರುವುದು ಬರೀ ತಳ್ಳಿಕೊಂಡು ಹೋಗಲಿಕ್ಕಲ್ಲ. ಗೊರಚು ಮಣ್ಣಿನಲ್ಲಿ, ಎರೆಯಲ್ಲಿ ಆ ಗಾಲಿ ಹೂತುಕೊಂಡರೆ ಜಾಕು ಉರುಳುವುದಿಲ್ಲ. ಆಗ ತಲೆ ಜಾರುತ್ತದೆ, ಇಲ್ಲವೇ ಕಾರನ್ನೇ ಎಳೆಯುತ್ತದೆ.

ಸಿಮೆಂಟ್ ಕಣ ಇದ್ದರೆ ಅದೇ ಒಳ್ಳೆಯದು. ಇಲ್ಲದವರು ಮಣ್ಣು ಸಮ ಮಾಡಿ, ಜಾಕು ಹಿಂದೆ ಮುಂದೆ ಓಡುವಷ್ಟು ದೊಡ್ಡ, ದಪ್ಪ ಹಲಗೆ ಹಾಸಿ. ಸ್ಟ್ಯಾಂಡಿನಡಿಗೂ ಹಲಗೆ ಬೇಕು. ಮಣ್ಣಿನ ಮೇಲೆ ಹಾಸಿದ ಕಡಪ ಕಲ್ಲನ್ನು ನಂಬಬೇಡಿ. ಅಡಿಯಲ್ಲಿ ಪೊಳ್ಳಿದ್ದರೆ ಭಾರ ಒಂದೇ ಕಡೆ ಬಿದ್ದಾಗ ಫಟ್ಟೆಂದು ಒಡೆಯುತ್ತದೆ. ಇಳಿಜಾರಿನಲ್ಲಿ ಎತ್ತುವ ಮಾತೇ ಬೇಡ.

ಎತ್ತುವ ಕ್ರಮ

ಹೇರು ಇಳಿಸಿ, ಜನ ಇಳಿಯಲಿ. ಹ್ಯಾಂಡ್‌ಬ್ರೇಕ್ ಎಳೆದು ಮೊದಲ ಗೇರಿನಲ್ಲಿಡಿ. ಇಷ್ಟಾದರೂ ನೆಲದಲ್ಲಿ ಉಳಿಯುವ ಗಾಲಿಗಳಿಗೆ ಹಿಂದೆ ಮುಂದೆ ಕಟ್ಟಿಗೆ ಅಡ್ಡ ಕೊಡಲೇಬೇಕು. ಯಾಕೆ ಅಂದರೆ ಓಮ್ನಿ, ಪಿಕಪ್ಪುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು. ಎಂಜಿನ್ ತಿರುಗಿಸುವುದೂ ಅವನ್ನೇ. ಹಿಂದಿನ ಒಂದು ಗಾಲಿ ಮೇಲೆದ್ದರೆ ಅದು ಗಾಳಿಯಲ್ಲಿ ತಿರುಗುತ್ತದೆ, ಗೇರಿನ ಹಿಡಿತ ಹೋಯ್ತು. ಎರಡೂ ಎದ್ದರೆ ಹ್ಯಾಂಡ್‌ಬ್ರೇಕೂ ಇಲ್ಲ.

ಗಾಲಿ ಬಿಚ್ಚುವುದಿದ್ದರೆ ನಟ್ಟುಗಳನ್ನು ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಜಗ್ಗಾಡಿದರೆ ಗಾಡಿ ಅಲುಗುತ್ತದೆ.

ಜಾಕು ಕೊಡುವ ಜಾಗ ಗಾಡಿಯ ಪುಸ್ತಕದಲ್ಲಿರುತ್ತದೆ. ಪಿಕಪ್ಪಿಗೆ ಚಾಸಿ ಅಥವಾ ಹಿಂದಿನ ಅಚ್ಚು, ಕಾರಿಗೆ ಬಾಗಿಲ ಕೆಳಗಿನ ಅಂಚಿನಲ್ಲಿ ಬಲಪಡಿಸಿದ ಜಾಗ. ಎಂಜಿನ್ ಎಣ್ಣೆಯ ತಟ್ಟೆಗೆ, ತೆಳು ತಗಡಿಗೆ ಕೊಟ್ಟರೆ ಒಳಕ್ಕೆ ಹೋಗುತ್ತದೆ. ಅಂಚು ಸೊಟ್ಟಗಾಗದಂತೆ ನಡುವೆ ಗಾಡಿ ಇರುವ ರಬ್ಬರ್ ತುಂಡು ಇಡಬಹುದು.

ಬೇಕಾದಷ್ಟೇ ಎತ್ತಿ. ಕೂಡಲೇ ಬಲವಾದ ಜಾಗದಡಿ ಸ್ಟ್ಯಾಂಡು ಇಟ್ಟು, ನಿಧಾನ ಇಳಿಸಿ ಭಾರವನ್ನು ಅದರ ಮೇಲೆ ಕೂರಿಸಿ. ಹೊರಗೆ ನಿಂತು ಗಾಡಿಯನ್ನು ಒಮ್ಮೆ ತಳ್ಳಿ ನೋಡಿ. ಅಲುಗಿದರೆ ಮತ್ತೆ ಎತ್ತಿ ಸರಿಪಡಿಸಿ. ಜಾಕನ್ನು ತಾಗಿಸಿಯೇ ಬಿಡಿ. ಬಿಚ್ಚಿದ ಗಾಲಿಯನ್ನು ಗಾಡಿಯಡಿ ಮಲಗಿಸಿ, ಅದೊಂದು ಹೆಚ್ಚಿನ ಕಾವಲು. ಇಟ್ಟಿಗೆ, ಸೈಜುಗಲ್ಲು, ಪೊಳ್ಳು ಸಿಮೆಂಟ್ ಬ್ಲಾಕು ಸ್ಟ್ಯಾಂಡಿನ ಕೆಲಸ ಮಾಡಲಾರವು. ಅವು ಬಾಗಿ ಸೂಚನೆ ಕೊಡುವುದಿಲ್ಲ, ಒಮ್ಮೆಗೇ ಸಿಡಿಯುತ್ತವೆ.

ಕೆಲಸ ಮುಗಿದ ಮೇಲೆ ಸ್ಟ್ಯಾಂಡು ತೆಗೆದು, ಹಿಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಇಳಿಸಿ. ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಕೊನೆಯ ಬಿಗಿ ಗಾಲಿ ನೆಲಕ್ಕೆ ತಾಗಿದ ಮೇಲೆ.

ಜಾಕು ಯಾಕೆ ನಂಬಬಾರದು?

ಒಳಗಿರುವುದು ಎಣ್ಣೆ, ಅದನ್ನು ತಡೆದಿರುವುದು ಸಣ್ಣ ಸೀಲು, ಒಂದು ವಾಲ್ವು. ಸೀಲು ಹರಿದರೆ, ವಾಲ್ವಿನಲ್ಲಿ ಕಸ ಸಿಕ್ಕಿದರೆ ಇಳಿಯಿತು. ಹೊಸ ಜಾಕಿಗೂ ಇದೇ ಮಾತು. ಆಗಾಗ ಗಾಡಿ ಎತ್ತಿ, ಯಾರೂ ಹತ್ತಿರ ಹೋಗದೆ ಹತ್ತು ನಿಮಿಷ ಬಿಟ್ಟು ನೋಡಿ. ತಾನಾಗಿ ಇಳಿಯುತ್ತಿದ್ದರೆ ರಿಪೇರಿಗೆ ಕೊಡಿ. ಎಣ್ಣೆ ಕಮ್ಮಿಯಾದರೆ ಹೈಡ್ರಾಲಿಕ್ ಜಾಕಿನ ಎಣ್ಣೆಯನ್ನೇ ಹಾಕಿ. ಬ್ರೇಕ್ ಎಣ್ಣೆ ಹಾಕಿದರೆ ಸೀಲು ಕೆಡುತ್ತದೆ. ಇಡುವಾಗ ಪೂರ್ತಿ ಇಳಿಸಿಡಿ.

ಎತ್ತಿನಗಾಡಿಗೆ ಕೀಲೆಣ್ಣೆ ಹಾಕುವಾಗ ನಮ್ಮ ಹಿರಿಯರು ಎತ್ತಿ ಹಿಡಿದವನ ತೋಳನ್ನು ನಂಬುತ್ತಿರಲಿಲ್ಲ. ಅಚ್ಚಿನಡಿ ಮರದ ದಿಮ್ಮಿ ಕೊಟ್ಟ ಮೇಲೆಯೇ ಗಾಲಿ ಕಳಚುತ್ತಿದ್ದರು. ಎತ್ತುವವನು ಬೇರೆ, ಹೊರುವುದು ಬೇರೆ. ಕಬ್ಬಿಣದ ಜಾಕಿಗೂ ಅದೇ ನಿಯಮ. ಮಕ್ಕಳಿಗೂ ಇಷ್ಟು ಹೇಳಿಕೊಡಿ.