ಕ್ಯಾಶೂ ಕಾಸೂ ಒಂದೇನಾ?

"ಟೀಚರ್, ಕ್ಯಾಶ್ ಅಂದ್ರೆ ನಮ್ಮ ಕಾಸೇ ಅಲ್ವಾ?" ತರಗತಿಯಲ್ಲಿ ಹುಡುಗಿಯೊಬ್ಬಳು ಕೇಳಿದಳು. ಹೌದು ಅಂದುಬಿಟ್ಟೆ. ಮನೆಗೆ ಬಂದು ನಿಘಂಟು ತೆರೆದಾಗ ನಾನು ಹೇಳಿದ್ದು ಅರ್ಧ ಮಾತ್ರ ಸರಿ ಅಂತ ಗೊತ್ತಾಯಿತು.

ಇಂಗ್ಲಿಷಿನಲ್ಲಿ ಎರಡು ಕ್ಯಾಶ್‌ಗಳಿವೆ. ಅಂಗಡಿಯಲ್ಲಿ ಕೊಡುವ ನಗದಿಗೆ ಹೇಳುವ ಕ್ಯಾಶ್‌ನ ಮೂಲ ಲ್ಯಾಟಿನ್ನಿನ 'ಕಾಪ್ಸಾ', ಅಂದರೆ ಪೆಟ್ಟಿಗೆ. ಮೊದಲು ಹಣದ ಪೆಟ್ಟಿಗೆಗಿದ್ದ ಹೆಸರು ಆಮೇಲೆ ಒಳಗಿನ ಹಣಕ್ಕೆ ಬಂತು. ಇನ್ನೊಂದು ಕ್ಯಾಶ್ ಒಂದು ಸಣ್ಣ ನಾಣ್ಯ. ತಮಿಳರೂ ನಾವೂ ಕಾಸು ಅನ್ನುವುದನ್ನು ಪೋರ್ಚುಗೀಸರು 'ಕೈಶಾ' ಅಂದರು. ಅವರಲ್ಲಿ ಪೆಟ್ಟಿಗೆಗೂ ಅದೇ ಪದ! ಅವರಿಂದ ಅದು ಇಂಗ್ಲಿಷರಿಗೆ ಹೋಯಿತು.

ಮದ್ರಾಸಿನಲ್ಲಿ, ಅಂದರೆ ಇಂದಿನ ಚೆನ್ನೈಯಲ್ಲಿ, 1818ರಲ್ಲಿ ರೂಪಾಯಿ ಲೆಕ್ಕ ಬರುವವರೆಗೆ 80 ಕಾಸಿಗೆ ಒಂದು ಪಣ, 42 ಪಣಕ್ಕೆ ಒಂದು ವರಹ. ಈಸ್ಟ್ ಇಂಡಿಯಾ ಕಂಪನಿ ಮದ್ರಾಸಿಗಾಗಿ ಇಂಗ್ಲೆಂಡಿನಲ್ಲಿ ಅಚ್ಚು ಹಾಕಿಸಿದ 1808ರ ಇಪ್ಪತ್ತು ಕಾಸಿನ ತಾಮ್ರದ ನಾಣ್ಯದ ಮೇಲೆ ಪಾರ್ಸಿಯಲ್ಲಿ 'ಬಿಸ್ತ್ ಕಾಸ್ ಚಹಾರ್ ಫಲೂಸ್ ಅಸ್ತ್' ಎಂದಿದೆ. ಇಪ್ಪತ್ತು ಕಾಸು ಅಂದರೆ ನಾಲ್ಕು ಫಲೂಸ್. ಗಲ್ಫಿನಲ್ಲಿ ದುಡಿದು ಬಂದವರಿಗೆ ಈ ಅರಬ್ಬಿ ಪದ ಚೆನ್ನಾಗಿ ಗೊತ್ತು. ದುಡ್ಡಿಗೆ ಅಲ್ಲಿ ಇವತ್ತಿಗೂ ಫುಲೂಸ್ ಅಂತಾರೆ.

ಮರುದಿನ ತರಗತಿಯಲ್ಲಿ "ನಿನ್ನೆ ನಾನು ಪೂರ್ತಿ ಹೇಳಿರಲಿಲ್ಲ" ಎಂದು ಒಪ್ಪಿಕೊಂಡು ಆ ನಾಣ್ಯದ ಚಿತ್ರ ತೋರಿಸಿದೆ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳನ್ನು "ನಿಮ್ಮದು ಯಾವ ಭಾಷೆ?" ಅಂತ ಕೆಣಕುವವರಿದ್ದಾರೆ. ಉರ್ದು ಓದಲು ಬರುವ ಹುಡುಗನೊಬ್ಬ ಎದ್ದು ಬಂದು, ಆ ಅಕ್ಷರಗಳ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದ: "ಕಾಸ್!"