ಡ್ಯಾಮು ತುಂಬಿದೆ, ಹೂಳು ಎಷ್ಟಿದೆ?

ಹಿಟ್ನಾಳದಿಂದ ಮುನಿರಾಬಾದಿನ ಕಡೆ ಹೊರಟರೆ ಸ್ವಲ್ಪ ಹೊತ್ತಿಗೆ ತುಂಗಭದ್ರಾ ಡ್ಯಾಮು ಸಿಗುತ್ತದೆ. ಮಳೆಗಾಲದಲ್ಲಿ ಅದು ತುಂಬಿತೆಂದರೆ ನೀರಿನ ಮಟ್ಟ 1633 ಅಡಿ. ಕಟ್ಟಿದ ಕಾಲಕ್ಕೂ ತುಂಬಿದ ಡ್ಯಾಮೆಂದರೆ 1633 ಅಡಿಯೇ. ಆದರೆ ಅಂದು ಅಷ್ಟು ಎತ್ತರಕ್ಕೆ ಹಿಡಿಯುತ್ತಿದ್ದ ನೀರು 132 ಟಿಎಂಸಿಗೂ ಹೆಚ್ಚು. ಇಂದು 105 ಚಿಲ್ಲರೆ. ಉಳಿದ ಜಾಗದಲ್ಲಿ ಹೂಳು ಕೂತಿದೆ. ಡ್ಯಾಮಿನ ಮುಂದೆ ಫೋಟೊ ತೆಗೆಸಿಕೊಳ್ಳುವವರಿಗೆ ಇದು ಕಾಣುವುದಿಲ್ಲ. ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ಕಾಯುವ ಎಡದಂಡೆಯ ಭತ್ತದ ರೈತನಿಗೆ ಮಾತ್ರ ಅದರ ಬಿಸಿ ತಟ್ಟುತ್ತದೆ.

ಬಹುಕಾಲ ಅಧಿಕಾರದ ರುಚಿ ಕಂಡ ಪಕ್ಷದ ಕಥೆಯೂ ಹೆಚ್ಚೂಕಡಿಮೆ ಇದೇ. ಕಚೇರಿ, ಕಾರು, ಸಮಾವೇಶದ ಪೆಂಡಾಲು ಎಲ್ಲ ಮೊದಲಿನಷ್ಟೇ ಎತ್ತರದಲ್ಲಿರುತ್ತವೆ. ಒಳಗೆ ಎಷ್ಟು ಜನ ಉಳಿದಿದ್ದಾರೆ ಎಂಬುದು ಎಣಿಕೆಯ ದಿನದವರೆಗೆ ಗೊತ್ತಾಗುವುದಿಲ್ಲ. ಸಂಪ್ರದಾಯನಿಷ್ಠ ಪಕ್ಷಗಳಿಗೆ ಈ ಹೂಳು ಬೇರೆಯವರಿಗಿಂತ ಬೇಗ ತುಂಬುತ್ತದೆ ಎಂಬುದು ನನ್ನ ಎಣಿಕೆ. ಇರುವ ಸಮಾಜವನ್ನು ಬುಡಮೇಲು ಮಾಡದೆ, ಧರ್ಮ, ಮನೆತನ, ಆಸ್ತಿ, ಊರ ಹಿರಿತನಗಳನ್ನು ಉಳಿಸಿಕೊಂಡೇ ಮುಂದೆ ಹೋಗೋಣ ಎನ್ನುವುದು ಅವುಗಳ ನಿಲುವು. ಹಾಗಾಗಿ ಊರಲ್ಲಿ ಮೊದಲೇ ದೊಡ್ಡವರಾಗಿರುವವರ ಹೆಗಲ ಮೇಲೆ ಅವು ಕೂತುಕೊಳ್ಳುತ್ತವೆ: ಗೌಡರು, ಸಾಹುಕಾರರು, ಮಠದ ಭಕ್ತಮಂಡಳಿ, ಗುತ್ತಿಗೆದಾರರು. ಇದರಿಂದ ಪಕ್ಷ ಕಟ್ಟುವ ಕೆಲಸ ಹಗುರಾಗುತ್ತದೆ. ಕ್ರಮೇಣ, ಗೌಡರು ನಮ್ಮ ಕಡೆ ಇದ್ದರೆ ಊರೇ ನಮ್ಮ ಕಡೆ ಎಂಬ ಲೆಕ್ಕ ಅಭ್ಯಾಸವಾಗಿಬಿಡುತ್ತದೆ.

ಎರಡು ಮನೆ, ಆರು ಚುನಾವಣೆ

2024ರ ಜೂನ್ 4ರಂದು ಕೊಪ್ಪಳ ಲೋಕಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಕೆ. ರಾಜಶೇಖರ ಬಸವರಾಜ ಹಿಟ್ನಾಳ ಸುಮಾರು 46 ಸಾವಿರ ಮತಗಳಿಂದ ಗೆದ್ದರು. 2009ರಲ್ಲಿ ಶಿವರಾಮಗೌಡ, 2014 ಮತ್ತು 2019ರಲ್ಲಿ ಕರಡಿ ಸಂಗಣ್ಣ, ಹೀಗೆ 15 ವರ್ಷ ಕೈಯಲ್ಲಿದ್ದ ಕ್ಷೇತ್ರ ಬಿಜೆಪಿಗೆ ತಪ್ಪಿತು. ಕೊಪ್ಪಳ ಒಂದೇ ಅಲ್ಲ. ಬೀದರ, ಕಲಬುರಗಿ, ರಾಯಚೂರು, ಬಳ್ಳಾರಿಯೂ ಸೇರಿ ಕಲ್ಯಾಣ ಕರ್ನಾಟಕದ ಐದು ಲೋಕಸಭಾ ಕ್ಷೇತ್ರಗಳನ್ನು 2019ರಲ್ಲಿ ಬಾಚಿಕೊಂಡಿದ್ದ ಪಕ್ಷ, ಐದು ವರ್ಷದ ಬಳಿಕ ಐದನ್ನೂ ಬಿಟ್ಟುಕೊಟ್ಟಿತು.

ಇದು ಹೇಗಾಯಿತೆಂದು ತಿಳಿಯಲು 2011ರ ಸೆಪ್ಟೆಂಬರಿಗೆ ಹೋಗಬೇಕು. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ ಹೆಗ್ಡೆ ಅವರ ವರದಿ ಜುಲೈ ಕೊನೆಗೆ ಬಂದಿತ್ತು, ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿ ಸ್ಥಾನ ಬಿಟ್ಟಿದ್ದರು. ಎರಡು ತಿಂಗಳೊಳಗೆ ಕೊಪ್ಪಳ ವಿಧಾನಸಭೆಗೆ ಉಪಚುನಾವಣೆ. ಉಪಚುನಾವಣೆ ಬಂದದ್ದೇಕೆ? 2008ರಲ್ಲಿ ಜೆಡಿಎಸ್‌ನಿಂದ ಗೆದ್ದಿದ್ದ ಕರಡಿ ಸಂಗಣ್ಣ ರಾಜೀನಾಮೆ ಕೊಟ್ಟು ಬಿಜೆಪಿಗೆ ಬಂದಿದ್ದರಿಂದ. ಆ ದಿನಗಳಲ್ಲಿ ಇದಕ್ಕೆ 'ಆಪರೇಷನ್ ಕಮಲ' ಎಂಬ ಹೆಸರು ಊರೂರಿಗೂ ಗೊತ್ತಿತ್ತು. ಸಂಗಣ್ಣ ಗೆದ್ದರು, ಕಾಂಗ್ರೆಸ್ಸಿನ ಕೆ. ಬಸವರಾಜ ಹಿಟ್ನಾಳ ಸೋತರು.

ಅಲ್ಲಿಂದ ಮುಂದಿನದು ಕರಡಿ, ಹಿಟ್ನಾಳ ಎಂಬ ಎರಡು ಮನೆಗಳ ಕಥೆ. 2013ರ ವಿಧಾನಸಭೆಯಲ್ಲಿ ರಾಘವೇಂದ್ರ ಹಿಟ್ನಾಳ ಸಂಗಣ್ಣನವರನ್ನು ಸೋಲಿಸಿದರು. 2014ರ ಲೋಕಸಭೆಯಲ್ಲಿ ಸಂಗಣ್ಣ ಬಸವರಾಜ ಹಿಟ್ನಾಳರನ್ನು ಸೋಲಿಸಿದರು. 2018ರಲ್ಲಿ ಸಂಗಣ್ಣನವರ ಮಗ ಅಮರೇಶ ಕರಡಿ ರಾಘವೇಂದ್ರರ ಎದುರು ಸೋತರು. 2019ರಲ್ಲಿ ಸಂಗಣ್ಣನವರು ರಾಜಶೇಖರ ಹಿಟ್ನಾಳರ ಎದುರು ಗೆದ್ದರು. 2023ರಲ್ಲಿ ಸೊಸೆ ಮಂಜುಳಾ ಅಮರೇಶ ಕರಡಿ ರಾಘವೇಂದ್ರರ ಎದುರು ಸೋತರು. ಉಪಚುನಾವಣೆಯೂ ಸೇರಿ ಆರು ಚುನಾವಣೆ, ತಲಾ ಮೂರು ಗೆಲುವು. ಕುಸ್ತಿ ಕಣದಲ್ಲೂ ಇಷ್ಟು ಸರಿಸಮ ಬೀಳುವುದು ಕಡಿಮೆ.

ಇದರಲ್ಲಿ ಮತದಾರ ಹೇಳಿದ್ದು ಸ್ಪಷ್ಟವಾಗಿಯೇ ಇದೆ. ಉಪಚುನಾವಣೆಯೊಂದನ್ನು ಬಿಟ್ಟರೆ ವಿಧಾನಸೌಧಕ್ಕೆ ಹಿಟ್ನಾಳರು, ದಿಲ್ಲಿಗೆ ಕರಡಿಯವರು. ಲೋಕಸಭಾ ಕ್ಷೇತ್ರ ಸಿಂಧನೂರು, ಮಸ್ಕಿ, ಸಿರುಗುಪ್ಪದವರೆಗೂ ಹರಡಿರುವುದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು, ನಿಜ. ಆದರೂ ಕೊಪ್ಪಳದ ಮಟ್ಟಿಗೆ, ದಿಲ್ಲಿಯ ಹೆಸರಿನಲ್ಲಿ ಬಂದ ಮತವನ್ನು ಬಿಜೆಪಿ ತನ್ನ ಸ್ಥಳೀಯ ಮನೆತನದ ಮತ ಎಂದುಕೊಂಡು ಅದೇ ಮನೆಗೆ ಟಿಕೆಟ್ ಕೊಡುತ್ತ ಬಂತು. ಆ ಮನೆಯ ಹೊರಗಿದ್ದವರು ಕಾದು ಸುಸ್ತಾದರು. 2023ರಲ್ಲಿ ಟಿಕೆಟ್ ತಪ್ಪಿದ ಸಿ.ವಿ. ಚಂದ್ರಶೇಖರ ಜೆಡಿಎಸ್ ಸೇರಿ ಕಣಕ್ಕಿಳಿದರು. ಮರುವರ್ಷ ಲೋಕಸಭೆಯ ಟಿಕೆಟ್ ಸಂಗಣ್ಣನವರಿಗೇ ತಪ್ಪಿ ಡಾ. ಬಸವರಾಜ ಕ್ಯಾವಟರ್ ಅವರಿಗೆ ಹೋಯಿತು. ಏಪ್ರಿಲ್‌ನಲ್ಲಿ ಸಂಗಣ್ಣ ಕಾಂಗ್ರೆಸ್ ಸೇರಿದರು. ಹದಿಮೂರು ವರ್ಷ ಎದುರಾಳಿಯಾಗಿದ್ದ ಮನೆಯವರ ಜೊತೆ ಒಂದೇ ವೇದಿಕೆಯಲ್ಲಿ ನಿಂತರು.

ಹೊರಗಿನಿಂದ ತಂದವರ ಪಟ್ಟಿಗೆ ಇನ್ನೊಂದು ಹೆಸರೂ ಸೇರಬೇಕು. 2008ರಲ್ಲಿ ಬಿಜೆಪಿಗೆ 110 ಸೀಟು ಬಂದಾಗ ಬಹುಮತಕ್ಕೆ ಮೂರು ಕಡಿಮೆ ಬಿತ್ತು. ದಕ್ಷಿಣ ಭಾರತದ ಮೊದಲ ಬಿಜೆಪಿ ಸರ್ಕಾರ ನಿಂತದ್ದು ಐವರು ಪಕ್ಷೇತರರ ಕೈ ಹಿಡಿದು, ಐವರೂ ಮಂತ್ರಿಗಳಾದರು. ಅವರಲ್ಲಿ ಒಬ್ಬರು ಕನಕಗಿರಿಯ ಶಿವರಾಜ ತಂಗಡಗಿ. ಈಗ ಅವರು ಕಾಂಗ್ರೆಸ್ ಸರ್ಕಾರದ ಮಂತ್ರಿ. ಎರವಲು ತಂದ ಎತ್ತಿನಿಂದ ಒಂದು ಹಂಗಾಮು ಬಿತ್ತಬಹುದು. ನಮ್ಮ ಭಾಗದ ಹಿರಿಯ ಕಾರ್ಯಕರ್ತರಿಗೆ ಇದು ಗೊತ್ತಿಲ್ಲದ್ದಲ್ಲ. ಅವರನ್ನು ಕೇಳುವವರು ಇರಲಿಲ್ಲ, ಅಷ್ಟೇ.

ಸೋಲು ಎರಡು ಬಗೆ

ರಾಜ್ಯದ ಅಂಕಿಗಳನ್ನು ಹತ್ತಿರದಿಂದ ನೋಡಿದರೆ ಒಂದು ಸೋಲಿನ ಹಾಗೆ ಇನ್ನೊಂದು ಇರುವುದಿಲ್ಲ ಎಂಬುದು ತಿಳಿಯುತ್ತದೆ. 2008ರಲ್ಲಿ ಬಿಜೆಪಿಗೆ ಬಂದದ್ದು ಶೇ. 33.9 ಮತ. 2013ರಲ್ಲಿ ಅದು ಶೇ. 19.9ಕ್ಕೆ ಕುಸಿದು ಸೀಟು 40ಕ್ಕೆ ಇಳಿಯಿತು. ಆದರೆ ಹೋದ ಮತ ಕಾಂಗ್ರೆಸ್ಸಿಗೆ ಹೋದದ್ದು ಸ್ವಲ್ಪವೇ. ಯಡಿಯೂರಪ್ಪ 2012ರ ಕೊನೆಗೆ ಹೊರಬಂದು ಕಟ್ಟಿದ ಕೆಜೆಪಿ ಶೇ. 9.8, ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ ಶೇ. 2.7 ಪಡೆದವು. ಮೂರನ್ನೂ ಕೂಡಿಸಿ: 32.4. ಹಳೆಯ ಮತ ಮನೆಯಲ್ಲೇ ಇತ್ತು, ಒಲೆ ಮಾತ್ರ ಮೂರಾಗಿದ್ದವು. ಐದು ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳನ್ನು ಕಂಡ ಸರ್ಕಾರಕ್ಕೆ ಇದು ಅಚ್ಚರಿಯ ಫಲಿತಾಂಶವೇನಲ್ಲ.

2023 ಬೇರೆ. 2018ರಲ್ಲಿ ಶೇ. 36.3 ಇದ್ದ ಬಿಜೆಪಿ ಮತ ಈ ಬಾರಿ ಶೇ. 36. ಕದಲಲೇ ಇಲ್ಲ ಎನ್ನಬಹುದು. ಆದರೂ ಸೀಟು 104ರಿಂದ 66ಕ್ಕೆ ಬಿತ್ತು. ಜೆಡಿಎಸ್‌ನಿಂದ ಜಾರಿದ ಮತ ಕಾಂಗ್ರೆಸ್ಸನ್ನು ಶೇ. 42.9ಕ್ಕೆ ಏರಿಸಿದ್ದು ಒಂದು ಕಾರಣ. ಇನ್ನೊಂದು ಕಾರಣ ಇಲ್ಲಿನ ಮಾತಿಗೆ ಹೆಚ್ಚು ಮುಖ್ಯ: ಹಳೇ ಮೈಸೂರು, ಬೆಂಗಳೂರಿನಲ್ಲಿ ಬಿಜೆಪಿ ಮತ ಏರಿತು, ಉತ್ತರದ ತವರಿನಲ್ಲಿ ಇಳಿಯಿತು. ಬೇರಿಲ್ಲದ ನೆಲದಲ್ಲಿ ಗಳಿಸಿ, ಬೇರಿದ್ದ ನೆಲದಲ್ಲಿ ಕಳೆದುಕೊಂಡ ಪಕ್ಷಕ್ಕೆ ಒಟ್ಟು ಮೊತ್ತ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತದೆ. 1633 ಅಡಿ ಎಂದರೆ ಇದೇ.

ಕೊಪ್ಪಳ ಜಿಲ್ಲೆಯಲ್ಲಿ 2018ರಲ್ಲಿ ಗೆದ್ದಿದ್ದ ಗಂಗಾವತಿ, ಕನಕಗಿರಿ, ಯಲಬುರ್ಗಾ ಮೂರೂ ಕೈಬಿಟ್ಟವು. ಕುಷ್ಟಗಿ ಮಾತ್ರ ಹೊಸದಾಗಿ ದಕ್ಕಿತು. ಯಲಬುರ್ಗಾದಲ್ಲಿ ಸೋತವರು ಸಚಿವ ಹಾಲಪ್ಪ ಆಚಾರ್. ಗಂಗಾವತಿಯದು ಇನ್ನೂ ಸ್ವಾರಸ್ಯದ ಪ್ರಸಂಗ. ಆನೆಗೊಂದಿಯ ಅಂಜನಾದ್ರಿ ಇರುವುದು ಆ ಕ್ಷೇತ್ರದಲ್ಲಿ. ಹನುಮ ಹುಟ್ಟಿದ ಬೆಟ್ಟದ ಅಭಿವೃದ್ಧಿಯ ಮಾತು ಆಗ ಜೋರಾಗಿತ್ತು. ಬಜರಂಗದಳದ ಮಾತು ಎತ್ತಿದ ಕಾಂಗ್ರೆಸ್ ಪ್ರಣಾಳಿಕೆ ಹೊರಬಂದ ಮೇ 2ರಂದೇ ಪ್ರಧಾನಿ ನರೇಂದ್ರ ಮೋದಿ ನದಿಯಾಚೆಯ ಹೊಸಪೇಟೆಯಲ್ಲಿ ಬಜರಂಗಬಲಿಯ ಘೋಷಣೆ ಮೊಳಗಿಸಿದರು. ಎಣಿಕೆಯಾದಾಗ ಹೊಸಪೇಟೆಯ ವಿಜಯನಗರ ಕ್ಷೇತ್ರ ಕಾಂಗ್ರೆಸ್ಸಿನ ಎಚ್.ಆರ್. ಗವಿಯಪ್ಪನವರಿಗೆ ಹೋಯಿತು. ಗಂಗಾವತಿ ಸ್ವಂತ ಪಕ್ಷ ಕಟ್ಟಿಕೊಂಡು ಬಂದ ಜನಾರ್ದನ ರೆಡ್ಡಿ ಅವರಿಗೆ ಸಿಕ್ಕಿತು. ಅಂಜನಾದ್ರಿಯ ಮೆಟ್ಟಿಲು ಹತ್ತುವ ಭಕ್ತರೇನೂ ಕಡಿಮೆಯಾಗಿರಲಿಲ್ಲ. ಭಕ್ತಿ ಇದ್ದಲ್ಲೇ ಇತ್ತು. ಸಿಲಿಂಡರಿನ ದರ, ಪಿಎಸ್‌ಐ ನೇಮಕಾತಿ ಹಗರಣ, ಗುತ್ತಿಗೆದಾರರ ಸಂಘವೇ ಮಾಡಿದ 40 ಪರ್ಸೆಂಟ್ ಕಮಿಷನ್ ಆರೋಪ, ಇವಕ್ಕೆಲ್ಲ ಭಕ್ತಿ ಉತ್ತರ ಕೊಡಲಿ ಎಂದು ಪಕ್ಷ ನಿರೀಕ್ಷಿಸಿದ್ದೇ ತಪ್ಪಾಯಿತು. ಎದುರಿನವರು ಹೆಣ್ಣುಮಕ್ಕಳಿಗೆ ತಿಂಗಳಿಗೆ 2000 ರೂಪಾಯಿ, ಬಸ್ಸಿನಲ್ಲಿ ಟಿಕೆಟ್ ಇಲ್ಲ, 10 ಕೆಜಿ ಅಕ್ಕಿ ಎಂದು ಲೆಕ್ಕ ಹೇಳುತ್ತಿದ್ದರು. ಆ ಲೆಕ್ಕ ಸರಿಯೋ ತಪ್ಪೋ, ಅದು ಗೌಡರ ಕಟ್ಟೆಯನ್ನು ಹಾಯದೆ ನೇರ ಅಡಿಗೆಮನೆಗೆ ಹೋಯಿತು.

2024ರ ಮಾರ್ಚ್‌ನಲ್ಲಿ ರೆಡ್ಡಿ ತಮ್ಮ ಪಕ್ಷವನ್ನು ಬಿಜೆಪಿಯಲ್ಲಿ ವಿಲೀನ ಮಾಡಿದರು. ಒಬ್ಬ ದೊಡ್ಡ ನಾಯಕ ಬಂದರು, ಒಬ್ಬರು ಹೋದರು. ಕಚೇರಿಯ ಕೂಡು-ಕಳೆಯ ಲೆಕ್ಕ ಸರಿಹೋಗಿತ್ತು. ಮತಪೆಟ್ಟಿಗೆಯ ಲೆಕ್ಕದಲ್ಲಿ 46 ಸಾವಿರ ಕಡಿಮೆ ಬಿತ್ತು.

ಹಳೆಯ ಮನೆಯ ಹಳೆಯ ಕಾಯಿಲೆ

ಇದು ಬಿಜೆಪಿಗೆ ಮಾತ್ರ ಅಂಟಿದ ಜಾಡ್ಯ ಎಂದು ಯಾರೂ ತಿಳಿಯಬೇಡಿ. ಕರ್ನಾಟಕ ಕಂಡ ಅತಿ ದೊಡ್ಡ ಉದಾಹರಣೆ ಕಾಂಗ್ರೆಸ್ಸಿನದೇ. 1956ರ ಏಕೀಕರಣದಿಂದ ಹದಿನೈದು ವರ್ಷ ರಾಜ್ಯವನ್ನು ಆಳಿದ ಆ ಪಕ್ಷದ ಹಿರಿಯರು ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. ಎಸ್. ನಿಜಲಿಂಗಪ್ಪನವರ ವೈಯಕ್ತಿಕ ಪ್ರಾಮಾಣಿಕತೆಯನ್ನು ಎದುರಾಳಿಗಳೂ ಒಪ್ಪುತ್ತಿದ್ದರು. ಆದರೆ ಪಕ್ಷ ನಿಂತದ್ದು ಹಳ್ಳಿಯ ಭೂಮಾಲಿಕರ ಮೇಲೆ, ಹೆಚ್ಚಾಗಿ ಎರಡು ಪ್ರಬಲ ಸಮುದಾಯಗಳ ಹಿರಿಯರ ಮೇಲೆ. 1961ರಲ್ಲೇ ಭೂಸುಧಾರಣಾ ಕಾಯ್ದೆ ಮಾಡಿತ್ತು, ಗೇಣಿದಾರನ ಕೈಗೆ ಹೊಲ ಬರಲಿಲ್ಲ. ಬರುವ ಹಾಗೆ ಮಾಡಿದರೆ ಪಕ್ಷದ ತಾಲ್ಲೂಕು ಅಧ್ಯಕ್ಷನ ಹೊಲವೇ ಹೋಗುತ್ತಿತ್ತಲ್ಲ!

1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನಮನೆಯಲ್ಲಿ ನಡೆದ ಎಐಸಿಸಿ ಅಧಿವೇಶನದಲ್ಲಿ ಬಿರುಕು ಬಯಲಾಯಿತು. ನವೆಂಬರ್‌ನಲ್ಲಿ ನಿಜಲಿಂಗಪ್ಪ ಅಧ್ಯಕ್ಷತೆಯ ಪಕ್ಷ ಇಂದಿರಾ ಗಾಂಧಿಯವರನ್ನು ಉಚ್ಚಾಟಿಸಿತು. ರಾಜ್ಯದ ವೀರೇಂದ್ರ ಪಾಟೀಲ ಸರ್ಕಾರ ಹಿರಿಯರ ಕಡೆ, ಅಂದರೆ ಸಂಸ್ಥಾ ಕಾಂಗ್ರೆಸ್ ಕಡೆ ನಿಂತಿತು. ಸರ್ಕಾರ ಅವರದು, ಗೌಡರು, ಸಾಹುಕಾರರು ಅವರವರು. 1971ರ ಮಾರ್ಚ್‌ನ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸೀಟುಗಳಲ್ಲಿ 27ನ್ನೂ ಇಂದಿರಾ ಕಾಂಗ್ರೆಸ್ ಗೆದ್ದಿತು. ಮರುವರ್ಷ ವಿಧಾನಸಭೆಯಲ್ಲಿ ಅದಕ್ಕೆ 165, ಸಂಸ್ಥಾ ಕಾಂಗ್ರೆಸ್ಸಿಗೆ 24. ದೇವರಾಜ ಅರಸರು ಮುಖ್ಯಮಂತ್ರಿಯಾದರು; 1974ರಲ್ಲಿ ಭೂಸುಧಾರಣಾ ತಿದ್ದುಪಡಿ ಜಾರಿಯಾಗಿ ಭೂನ್ಯಾಯಮಂಡಳಿಗಳ ಮುಂದೆ ಗೇಣಿದಾರರು ಸಾಲು ನಿಂತರು.

ನಮ್ಮ ಭಾಗದವರು ಇದಕ್ಕೂ ಮೊದಲೇ ಸೂಚನೆ ಕೊಟ್ಟಿದ್ದರು. ಕಾಂಗ್ರೆಸ್ಸಿಗೆ ಎದುರೇ ಇಲ್ಲ ಎನ್ನುತ್ತಿದ್ದ 1952ರಲ್ಲಿ ಕುಷ್ಟಗಿ ಕ್ಷೇತ್ರ ಅಳವಂಡಿಯ ಶಿವಮೂರ್ತಿಸ್ವಾಮಿಯವರನ್ನು ಪಕ್ಷೇತರರಾಗಿ ಲೋಕಸಭೆಗೆ ಕಳಿಸಿತು. 1962ರಲ್ಲಿ ಕೊಪ್ಪಳ ಅವರನ್ನೇ ಲೋಕಸೇವಕ ಸಂಘದಿಂದ ಮತ್ತೆ ಆರಿಸಿತು. ನಿಜಾಮನ ಕಾಲದ ಹೋರಾಟದಲ್ಲಿ ನಿಂತಿದ್ದ ಮನುಷ್ಯನ ಮುಂದೆ ಪಕ್ಷದ ಚಿಹ್ನೆ ಮಂಕಾಯಿತು. ಬೆಂಗಳೂರಿನವರು ಅದನ್ನು ಒಂದು ಊರಿನ ಹಟ ಎಂದುಕೊಂಡಿರಬೇಕು.

ಕಾಂಗ್ರೆಸ್ 1989ರಲ್ಲಿ 178 ಸೀಟು ಗೆದ್ದು 1994ರಲ್ಲಿ 34ಕ್ಕೆ ಇಳಿದದ್ದೂ ಇದೇ ದಾರಿಯಲ್ಲಿ. ನಡುವೆ, 1990ರಲ್ಲಿ, ಕಾಯಿಲೆ ಬಿದ್ದಿದ್ದ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ದಿಲ್ಲಿಯ ವರಿಷ್ಠರು ಇಳಿಸಿದ್ದರು. ಲಿಂಗಾಯತ ಮತ ಬಿಜೆಪಿಯತ್ತ ತಿರುಗಿದ್ದಕ್ಕೆ ಈ ಘಟನೆಯನ್ನು ಇಂದಿಗೂ ಕಾರಣವಾಗಿ ಹೇಳುತ್ತಾರೆ. ಅದು ಅರ್ಧ ಕಾರಣ ಎಂದೇ ನನ್ನ ಭಾವನೆ, ಆದರೆ ನೆನಪು ಗಟ್ಟಿ. ಅದರ ಫಲ ಉಂಡ ಪಕ್ಷವೇ 2021ರ ಜುಲೈನಲ್ಲಿ ಯಡಿಯೂರಪ್ಪನವರಿಂದ ಕಣ್ಣೀರಿನ ರಾಜೀನಾಮೆ ಪಡೆಯಿತು.

ಹೊರಗಿನ ಲೋಕದ ಎರಡು ಉದಾಹರಣೆ ಸಾಕು. ಕೆನಡಾದ ಪ್ರೊಗ್ರೆಸಿವ್ ಕನ್ಸರ್ವೇಟಿವ್ ಪಕ್ಷ 1988ರಲ್ಲಿ 169 ಸೀಟು ಗೆದ್ದಿತ್ತು. 1993ರಲ್ಲಿ ಗೆದ್ದದ್ದು ಎರಡು. ಪಶ್ಚಿಮದ ಪ್ರಾಂತಗಳ ತವರು ಮತ ರಿಫಾರ್ಮ್ ಪಕ್ಷಕ್ಕೆ, ಕ್ವಿಬೆಕ್ಕಿನದು ಬ್ಲಾಕ್ ಕ್ವಿಬೆಕ್ವಾಗೆ ಹೋಯಿತು. ಬ್ರಿಟನ್ನಿನಲ್ಲಿ 14 ವರ್ಷದಲ್ಲಿ ಐವರು ಪ್ರಧಾನಿಗಳನ್ನು ಕಂಡ ಕನ್ಸರ್ವೇಟಿವ್ ಪಕ್ಷ 2024ರ ಜುಲೈ 4ರಂದು, ಕೊಪ್ಪಳದ ಎಣಿಕೆಯಾಗಿ ಸರಿಯಾಗಿ ಒಂದು ತಿಂಗಳಿಗೆ, 650ರಲ್ಲಿ 121ಕ್ಕೆ ಇಳಿಯಿತು. ಅದರ ಇತಿಹಾಸದಲ್ಲೇ ಅಷ್ಟು ಕಡಿಮೆ ಎಂದೂ ಬಂದಿರಲಿಲ್ಲ.

ಈಗ ಕೊಪ್ಪಳದಲ್ಲಿ ಶಾಸಕ, ಸಂಸದ ಇಬ್ಬರೂ ಹಿಟ್ನಾಳ ಮನೆಯವರೇ, ಅಣ್ಣತಮ್ಮಂದಿರು. ಮನೆತನದ ಮೇಲೆ ಕೂತ ಪಕ್ಷಕ್ಕೆ ಏನಾಗುತ್ತದೆ ಎಂದು ಕಾಂಗ್ರೆಸ್ಸಿನವರು ಬೇರೆಲ್ಲೂ ಹೋಗಿ ಕಲಿಯಬೇಕಿಲ್ಲ.

ಓದುಗರಲ್ಲಿ ಒಂದು ಕೋರಿಕೆ. ಪ್ರತಿ ಚುನಾವಣೆಯ ಬಳಿಕ ಬೂತುವಾರು ಮತಗಳ ಪಟ್ಟಿಯನ್ನು ಚುನಾವಣಾ ಆಯೋಗ ಪ್ರಕಟಿಸುತ್ತದೆ. ಅದಕ್ಕೆ ನಮೂನೆ 20 ಎನ್ನುತ್ತಾರೆ. ಹಿಟ್ನಾಳದವರಾಗಲಿ ತಾವರಗೇರಾದವರಾಗಲಿ, ನಿಮ್ಮ ಊರಿನ ಬೂತಿನಲ್ಲಿ 2013, 2014, 2018, 2019, 2023, 2024ರಲ್ಲಿ ಯಾವ ಪಕ್ಷಕ್ಕೆ ಎಷ್ಟು ಬಿದ್ದವು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪಕ್ಕದಲ್ಲೇ ಆ ಆರೂ ಸಲ ಊರ ಹಿರಿಯರು ಯಾವ ಪಕ್ಷದ ಜೀಪು ಹತ್ತಿದ್ದರು ಎಂಬುದನ್ನೂ ಬರೆಯಿರಿ.